ಪಂಚಮಕ್ಕೆ ಜಾರುತ್ತಿದ್ದ ಹಂಗೇರಿಯನ್ ಮೈನರ್

ಚಿಕ್ಕಂದಿನಲ್ಲಿ ಹತ್ತು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತವನು ನಾನು. ನಲವತ್ತು ದಾಟಿದ ಮೇಲೆ ಒಂದು ಕೀಬೋರ್ಡ್ ಕೊಂಡು ಪಾಶ್ಚಾತ್ಯ ಸಂಗೀತದ ಅಕ್ಷರಾಭ್ಯಾಸಕ್ಕೆ ಕುಳಿತೆ. ಅಭ್ಯಾಸದ ಪುಸ್ತಕದಲ್ಲಿ ಒಂದು ದಿನ ‘ಹಂಗೇರಿಯನ್ ಮೈನರ್’ ಎಂಬ ಸ್ಕೇಲು, ಅಂದರೆ ಸ್ವರಶ್ರೇಣಿ, ಎದುರಾಯಿತು: ಎ, ಬಿ, ಸಿ, ಡಿ ಶಾರ್ಪ್, ಇ, ಎಫ್, ಜಿ ಶಾರ್ಪ್. ಒಮ್ಮೆ ನುಡಿಸಿದ್ದೇ ತಡ, ನಗು ಬಂತು. ಚತುಃಶ್ರುತಿ ರಿಷಭ, ಸಾಧಾರಣ ಗಾಂಧಾರ, ಪ್ರತಿ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ನಮ್ಮ 57ನೆಯ ಮೇಳ, ಅಂದರೆ ಮೂಲರಾಗ, ಸಿಂಹೇಂದ್ರಮಧ್ಯಮವೇ ಕೋಟು ತೊಟ್ಟು ಬಂದಿತ್ತು! ಗೊತ್ತಿರುವುದೇ ಎಂದು ಪುಟ ಮಗುಚಿದೆ. ಆ ಜಂಬಕ್ಕೆ ಎರಡು ತಿಂಗಳು ತೆತ್ತೆ.

ಲೆಕ್ಕವೇನೋ ನನಗೆ ಪುಕ್ಕಟೆಯಾಗಿ ಸಿಕ್ಕಿತು. ಹಾರ್ಮೋನಿಕ್ ಮೈನರ್ ಎಂಬ ಪಾಶ್ಚಾತ್ಯ ಸ್ಕೇಲು ಎಂದರೆ 21ನೆಯ ಮೇಳ ಕೀರವಾಣಿಯ ಸ್ವರಗಳು. ಅದರ ಮಧ್ಯಮವನ್ನು ಅರ್ಧ ಸ್ವರ ಏರಿಸಿದರೆ ಮೇಳದ ಸಂಖ್ಯೆಗೆ 36 ಕೂಡಿ 57 ಆಗುತ್ತದೆ. ಸೆಮಿಟೋನುಗಳಲ್ಲಿ, ಅಂದರೆ ಅರ್ಧ ಸ್ವರಗಳಲ್ಲಿ, ಎಣಿಸಿದರೆ ಅಂತರಗಳು 2, 1, 3, 1, 1, 3, 1. ಗಾಂಧಾರದಿಂದ ಮಧ್ಯಮಕ್ಕೊಂದು, ಧೈವತದಿಂದ ನಿಷಾದಕ್ಕೊಂದು, ಹೀಗೆ ಎರಡು ಕಡೆ ಹಳ್ಳ ದಾಟಬೇಕು.

ತೊಂದರೆ ಶುರುವಾದದ್ದು ಸ್ವಂತವಾಗಿ ನುಡಿಸಲು ಹೊರಟಾಗ. ಎ ಯಿಂದ ಆರಂಭಿಸಿದ ಸಂಚಾರ ಇ ಗೆ ಬಂದು ನಿಂತುಬಿಡುತ್ತಿತ್ತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಪ್ರತಿ ಸಾಲಿನದೂ ಅದೇ ಕತೆ. ಷಡ್ಜ ಎಲ್ಲಿದೆ ಎಂದು ನನ್ನ ಕಿವಿಗೇ ಅನುಮಾನ. ಒಂದು ಸಂಜೆ ಸೋತು, ಸರಿ, ಇ ಯೇ ಷಡ್ಜವಾಗಲಿ ಎಂದು ಅಲ್ಲಿಂದಲೇ ಹತ್ತಿದೆ. ಇ, ಎಫ್, ಜಿ ಶಾರ್ಪ್, ಎ, ಬಿ, ಸಿ, ಡಿ ಶಾರ್ಪ್. ಕೇಳಿಸಿದ್ದು ಸರಳೆ ವರಸೆ! ಪುರಂದರದಾಸರ ಹೆಸರಿನಲ್ಲಿ ನಾವೆಲ್ಲ ಮೊದಲ ಪಾಠವಾಗಿ ಕಲಿಯುವ ಮಾಯಾಮಾಳವಗೌಳ, ಈ ಸ್ಕೇಲಿನ ಪಂಚಮದಲ್ಲಿ ಅಡಗಿ ಕುಳಿತಿತ್ತು. ಗ್ರಹಭೇದದ, ಅಂದರೆ ಅವೇ ಸ್ವರಗಳಲ್ಲಿ ಬೇರೊಂದನ್ನು ಷಡ್ಜ ಮಾಡಿಕೊಳ್ಳುವ ಪಾಠವನ್ನು ಎಂದೋ ಬಾಯಿಪಾಠ ಮಾಡಿದ್ದೆ: ಮಾಯಾಮಾಳವಗೌಳದ ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ಸಿಂಹೇಂದ್ರಮಧ್ಯಮ. ಪಾಶ್ಚಾತ್ಯರು ಮಾಯಾಮಾಳವಗೌಳದ ಸ್ವರಗಳನ್ನು ಡಬಲ್ ಹಾರ್ಮೋನಿಕ್ ಎನ್ನುತ್ತಾರೆ. ಹಂಗೇರಿಯನ್ ಮೈನರ್ ಅದರ ನಾಲ್ಕನೆಯ ಮೋಡ್, ಅಂದರೆ ನಾಲ್ಕನೆಯ ಸ್ವರದಿಂದ ಆರಂಭಿಸಿದ ರೂಪ. ಎರಡೂ ಮಾತು ಒಂದೇ ಎಂದು ಬೆರಳಿಗೆ ತಿಳಿದದ್ದು ಅಂದು.

ಜಾರುವುದಕ್ಕೆ ಕಾರಣವೂ ಆಗ ಕಂಡಿತು. ಪಂಚಮದ ಕೆಳಗೆ ಅರ್ಧ ಸ್ವರದಷ್ಟು ದೂರದಲ್ಲಿ ಪ್ರತಿ ಮಧ್ಯಮ, ಮೇಲೆ ಅಷ್ಟೇ ದೂರದಲ್ಲಿ ಶುದ್ಧ ಧೈವತ. ಎರಡೂ ಅದರತ್ತಲೇ ವಾಲುತ್ತವೆ. ಷಡ್ಜಕ್ಕೆ ಅಂಥ ನೆರೆ ಕೆಳಗಿನ ನಿಷಾದ ಒಂದೇ. ಮೇಲಿನ ರಿಷಭ ಪೂರ್ತಿ ಒಂದು ಸ್ವರ ದೂರ. ಪಿಟೀಲಿನ ಪಾಠದಲ್ಲಿ ಷಡ್ಜವನ್ನು ಹಿಡಿದಿಡುವ ಈ ಭಾರವನ್ನು ಶ್ರುತಿಪೆಟ್ಟಿಗೆ ಹೊತ್ತಿತ್ತು, ನಾನು ಗಮನಿಸಿರಲಿಲ್ಲ ಅಷ್ಟೆ. ಮರುದಿನದಿಂದ ಎಡಗೈಯಲ್ಲಿ ತಗ್ಗಿನ ಎ ಮತ್ತು ಇ ಹಿಡಿದು ಬಲಗೈಯಲ್ಲಿ ಮಾತ್ರ ಸಂಚರಿಸಿದೆ. ವಾರದಲ್ಲಿ ಷಡ್ಜ ತನ್ನ ಸ್ಥಾನಕ್ಕೆ ಮರಳಿತು.

ಆದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡುಗಳಿಗೆ ಬಂದಾಗ ರಾಗಜ್ಞಾನ ಕೈಕೊಟ್ಟಿತು. ಎಫ್, ಎ, ಸಿ, ಡಿ ಶಾರ್ಪ್ ನಾಲ್ಕನ್ನೂ ಒಟ್ಟಿಗೆ ಒತ್ತಿ. ಕೀಲಿಗಳನ್ನು ನೋಡಿದರೆ ಎಫ್ ಸೆವೆಂತ್, ನಡತೆ ಬೇರೆ: ಎಫ್ ಅರ್ಧ ಸ್ವರ ಇಳಿದು ಇ ಗೆ, ಡಿ ಶಾರ್ಪ್ ಅರ್ಧ ಸ್ವರ ಏರಿ ಇ ಗೆ ಸೇರಬಯಸುತ್ತವೆ. ಜರ್ಮನ್ ಸಿಕ್ಸ್ತ್ ಎಂದು ಇದರ ಹೆಸರು. ನನ್ನನ್ನು ಎರಡು ತಿಂಗಳು ಕಾಡಿದ ಸೆಳೆತ ಇಲ್ಲಿ ಕೂಲಿಯಾಳಿನಂತೆ ದುಡಿಯುತ್ತದೆ. ಅದು ನಿಮ್ಮನ್ನು ಇ ಮೇಜರಿಗೆ ತಂದು ಬಿಡುತ್ತದೆ, ಅಲ್ಲಿನ ಜಿ ಶಾರ್ಪ್ ಎ ಮೈನರಿಗೆ ದಾಟಿಸುತ್ತದೆ. ಈ ಮೂರು ಕಾರ್ಡುಗಳನ್ನು ಸಾಲಾಗಿ ನುಡಿಸಿದ ದಿನವೇ ನನಗೆ ಈ ಸ್ಕೇಲು ಅರ್ಥವಾಯಿತು ಎನ್ನಬೇಕು.

ಇನ್ನೊಂದು ಪೇಚು. ಇ ಸೆವೆಂತ್ ಕಾರ್ಡು ಬೇಕೆಂದರೆ ಬರಿಯ ಡಿ ಬೇಕು, ಸ್ಕೇಲಿನಲ್ಲಿರುವುದು ಡಿ ಶಾರ್ಪ್. ಪಾಶ್ಚಾತ್ಯರು ಸಲೀಸಾಗಿ ಡಿ ಹಾಕಿಕೊಂಡು ಮುಂದೆ ಹೋಗುತ್ತಾರೆ. ಸಿಂಹೇಂದ್ರಮಧ್ಯಮದ ನಡುವೆ ಕೀರವಾಣಿಯ ಮಧ್ಯಮವೇ? ಅನ್ಯಸ್ವರ ಕೇಳಿದರೆ ಮುಖ ಸಿಂಡರಿಸುವ ಸಂಸ್ಕಾರ ನನ್ನದು. ಅವರಿಗೆ ಸ್ಕೇಲು ಸ್ವರಗಳನ್ನು ಎತ್ತಿಕೊಳ್ಳುವ ಬುಟ್ಟಿ, ರಾಗದಂತೆ ಮಡಿಯ ವಸ್ತುವಲ್ಲ ಎಂದು ಒಪ್ಪಿಕೊಳ್ಳಲು ಸಮಯ ಹಿಡಿಯಿತು.

ಹೆಸರಿನ ಬಗ್ಗೆಯೂ ಒಂದು ಮಾತು. ಈ ಸ್ವರಗಳು ಹಂಗೇರಿಯ ಹೆಸರಿಗೆ ಅಂಟಿದ್ದು ಬಹುಮಟ್ಟಿಗೆ ರೋಮಾ (ಜಿಪ್ಸಿ) ವಾದ್ಯಗಾರರ ತಂಡಗಳಿಂದ, ಅವರ ಶೈಲಿಯನ್ನು ಪಿಯಾನೊಗೆ ತಂದ ಸಂಯೋಜಕ ಫ್ರಾಂಜ್ ಲಿಸ್ಟ್‌ನಿಂದ. ಮುಂದೆ ಹಳ್ಳಿ ಹಳ್ಳಿ ಸುತ್ತಿ ರೈತರ ಹಾಡು ಸಂಗ್ರಹಿಸಿದ ಸಂಯೋಜಕರಾದ ಬೇಲಾ ಬಾರ್ಟೋಕ್ ಮತ್ತು ಜೋಲ್ಟಾನ್ ಕೊಡಾಯ್ ಅವರಿಗೆ ಹಳೆಯ ಪದರದಲ್ಲಿ ಸಿಕ್ಕಿದ್ದು ಐದು ಸ್ವರಗಳ ಧಾಟಿ. ಆದ್ದರಿಂದ ‘ಹಂಗೇರಿಯನ್’ ಎಂಬ ವಿಶೇಷಣವನ್ನು ನಾನು ಒಂದು ಚಿಟಿಕೆ ಉಪ್ಪಿನಷ್ಟೇ ಬಳಸುತ್ತೇನೆ.

ಈಗ ಸ್ಟ್ಯಾಂಡಿನ ಮೇಲೆ ಲಿಸ್ಟ್ 1881ರಲ್ಲಿ ಬರೆದ ‘ನುವಾಜ್ ಗ್ರೀ’ ಇದೆ. ಜಿ ಮೈನರಿನ ಚಿಕ್ಕ ರಚನೆ, ಆರಂಭದಲ್ಲೇ ಸಿ ಶಾರ್ಪ್, ಅಂದರೆ ನಮ್ಮ ಪ್ರತಿ ಮಧ್ಯಮ, ಇಣುಕುತ್ತದೆ. ಬೆರಳಿಗೆ ಸುಲಭ. ಗಾಂಧಾರ ಬಂದಾಗ ಮಾತ್ರ ನನ್ನ ಬೆರಳು ಹಳೆಯ ಅಭ್ಯಾಸದಿಂದ ಕೀಲಿಯ ಮೇಲೆ ಹೊರಳಾಡಿ ಗಮಕ ಕೊಡಲು ನೋಡುತ್ತದೆ. ಕೀಬೋರ್ಡ್ ಕಿವಿಗೊಡುವುದಿಲ್ಲ.