ಗೀಸರ್ ವಾಲ್ವ್ ಸೋರುತ್ತಿದೆಯಾ? ಮೊದಲು ಒಂದು ಮಗ್ ಇಡಿ

ಗೀಸರ್ ರಿಪೇರಿ ಮಾಡುವ ನನಗೆ ಚಳಿಗಾಲದಲ್ಲಿ ಜಾಸ್ತಿ ಬರುವ ಫೋನ್ ಒಂದೇ: "ಅಣ್ಣಾ, ಗೀಸರ್ ಸೋರ್ತಿದೆ, ಬೇಗ ಬನ್ನಿ." ಯಾವಾಗ ಸೋರುತ್ತೆ ಅಂತ ಕೇಳುತ್ತೇನೆ. ಸ್ವಿಚ್ ಹಾಕಿದಾಗ ಮಾತ್ರಾನಾ, ಇಡೀ ದಿನಾನಾ? ಗೊತ್ತಿಲ್ಲ ಅಂದರೆ, ತಣ್ಣೀರು ಒಳಗೆ ಹೋಗುವ ಕಡೆ ಇರುವ ಸೇಫ್ಟಿ ವಾಲ್ವ್ ಕೆಳಗೆ ಒಂದು ಮಗ್ ಇಟ್ಟು ನೋಡಿ ಅನ್ನುತ್ತೇನೆ. ನೀರು ಕಾಯುವಾಗ ತೊಟ್ಟಿಕ್ಕಿ, ಕಾದ ಮೇಲೆ ನಿಂತರೆ ನಾನು ಬರುವುದೇ ಬೇಡ. ವಾಲ್ವ್ ಸರಿಯಾಗಿದೆ.

ನೀರು ಕಾದರೆ ಹಿಗ್ಗುತ್ತದೆ, ಅಷ್ಟೇ ವಿಷಯ. 25 ಡಿಗ್ರಿಯಿಂದ 65 ಡಿಗ್ರಿಗೆ ಕಾಯುವಷ್ಟರಲ್ಲಿ 15 ಲೀಟರ್ ನೀರಿಗೆ ಹತ್ತಿರ ಹತ್ತಿರ ಕಾಲು ಲೀಟರ್ ಜಾಗ ಹೆಚ್ಚು ಬೇಕು. ನಲ್ಲಿ ಮುಚ್ಚಿದೆ. ಬಂದ ದಾರಿಯಲ್ಲಿ ವಾಪಸ್ ಹೋಗೋಣ ಅಂದರೆ ಅದೇ ವಾಲ್ವ್‌ನ ಒಳಗಿರುವ ನಾನ್ ರಿಟರ್ನ್ ಬಿಡುವುದಿಲ್ಲ. ಒತ್ತಡ ಏರುತ್ತಾ ಹೋಗುತ್ತದೆ. ಸಾಮಾನ್ಯವಾಗಿ 8 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ದಾಟಿದಾಗ ಸ್ಪ್ರಿಂಗ್ ಮೇಲೆದ್ದು ನಾಲ್ಕು ಹನಿ ಹೊರಗೆ ಬಿಡುತ್ತದೆ. ಕುಕ್ಕರ್ ವೆಯ್ಟ್ ಆವಿ ಬಿಡುವುದೂ ಇದೇ ಲೆಕ್ಕದಲ್ಲಿ. ಅಲ್ಲಿ ಸುಮಾರು 1 ಬಾರ್‌ಗೇ ಎದ್ದುಬಿಡುತ್ತದೆ.

ಇಡೀ ದಿನ ಸೋರಿದರೆ ಬೇರೆ ಕಥೆ. ಒಂದೋ ವಾಲ್ವ್ ಬಾಯಲ್ಲಿ ಕಸ ಕೂತಿದೆ, ಇಲ್ಲವೇ ಲೈನ್‌ನಲ್ಲೇ ಒತ್ತಡ ಜಾಸ್ತಿ ಇದೆ. ಮಹಡಿ ಮನೆಯಲ್ಲಿ ಲೈನ್ ಒತ್ತಡದ ಮಾತೇ ಬರುವುದಿಲ್ಲ. 10 ಮೀಟರ್ ಎತ್ತರದ ಟ್ಯಾಂಕ್ ಕೊಡುವುದು 1 ಬಾರ್ ಮಾತ್ರ. ಅಪಾರ್ಟ್‌ಮೆಂಟ್‌ನಲ್ಲಿ ಹಾಗಲ್ಲ. 18ನೇ ಮಹಡಿಯ ಮೇಲಿನ ಟ್ಯಾಂಕ್‌ನಿಂದ ಎರಡನೇ ಮಹಡಿಗೆ ಬರುವ ನೀರಿನಲ್ಲಿ ಸುಮಾರು 5 ಬಾರ್ ಇರುತ್ತದೆ. ಇನ್ನು ಮೂರು ಬಾರ್ ಏರಿದರೆ ವಾಲ್ವ್ ಬಾಯಿ ಬಿಡುತ್ತದೆ. ಅದಕ್ಕೇ ಕೆಳಗಿನ ಮಹಡಿಗಳ ಲೈನ್‌ಗೆ ಪ್ರೆಶರ್ ರೆಡ್ಯೂಸಿಂಗ್ ವಾಲ್ವ್ ಹಾಕಿರುತ್ತಾರೆ. ಅದರೊಳಗೆ ಒಂದು ರಬ್ಬರ್ ಪರದೆ, ಅದರ ಮೇಲೆ ಸ್ಪ್ರಿಂಗ್. ಮನೆ ಕಡೆ ಒತ್ತಡ ಏರಿದರೆ ಪರದೆ ಮೇಲೆದ್ದು ದಾರಿ ಕಿರಿದು ಮಾಡುತ್ತದೆ, ಇಳಿದರೆ ಮತ್ತೆ ತೆರೆಯುತ್ತದೆ. ಇಂಥ ಕಡೆ ನಾನು ಗೀಸರ್ ಮುಟ್ಟುವ ಮೊದಲೇ ನಲ್ಲಿಗೆ ಗೇಜ್ ಹಾಕಿ ನೋಡುತ್ತೇನೆ. ರೆಡ್ಯೂಸರ್ ಕೆಟ್ಟಿದ್ದರೆ ಗೀಸರ್‌ಗೆ ಎಷ್ಟು ಹೊಸ ವಾಲ್ವ್ ಹಾಕಿದರೂ ದುಡ್ಡು ದಂಡ.

ನನಗೆ ಭಯ ಹುಟ್ಟಿಸುವುದು ಒಂದು ಹನಿಯೂ ಬಿಡದ ವಾಲ್ವ್. ಕೆಲವೊಮ್ಮೆ ನಾನ್ ರಿಟರ್ನ್ ಹಾಳಾಗಿ ನೀರು ಹಿಂದಕ್ಕೆ ಹೋಗುತ್ತಿರುತ್ತದೆ. ಪಕ್ಕದ ತಣ್ಣೀರು ನಲ್ಲಿ ತಿರುಗಿಸಿದಾಗ ಮೊದಲು ಸ್ವಲ್ಪ ಬೆಚ್ಚಗಿನ ನೀರು ಬಂದರೆ ಅದೇ ಅಂತ ತಿಳಿಯಿರಿ. ಆದರೆ ಬೋರ್‌ವೆಲ್ ನೀರಿನ ಮನೆಗಳಲ್ಲಿ ಬೇರೆಯೇ ಕಾಟ. ಅಂಥ ಒಂದು ವಾಲ್ವ್ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡರೆ ಸ್ಪ್ರಿಂಗ್ ಸುತ್ತುಗಳೇ ಕಾಣುವುದಿಲ್ಲ, ನಡುವೆ ಬಿಳಿ ಸುಣ್ಣ ಗಟ್ಟಿಯಾಗಿ ತುಂಬಿಕೊಂಡಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಕುಟ್ಟಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಇನ್ನೊಂದು ಮನೆಯಲ್ಲಿ ಹನಿ ಬೀಳುತ್ತೆ ಅಂತ ವಾಲ್ವ್ ಬಾಯಿಗೇ ಎಂ-ಸೀಲ್ ಮೆತ್ತಿದ್ದರು! ಒತ್ತಡದಲ್ಲಿರುವ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಅದನ್ನೂ ದಾಟಿ ಕಾಯುತ್ತಾ ಹೋಗುತ್ತದೆ. ಟ್ಯಾಂಕ್ ಬಿರುಕು ಬಿಟ್ಟ ಗಳಿಗೆಯಲ್ಲಿ ಅದರಲ್ಲಿ ಒಂದು ಪಾಲು ಒಮ್ಮೆಲೇ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರ್‌ಗೂ ಹೆಚ್ಚು. ಬಾತ್‌ರೂಮ್ ಗೋಡೆ ತಡೆಯುತ್ತಾ?

ಅಷ್ಟು ಕಾಯದಂತೆ ನೋಡಿಕೊಳ್ಳಲು ಥರ್ಮೋಸ್ಟಾಟ್ ಇದೆ. ಅದರ ಪಾಯಿಂಟ್ ಅಂಟಿಕೊಂಡು ಕರೆಂಟ್ ನಿಲ್ಲದೇ ಹೋದರೆ ಕಟ್‌ಔಟ್ ಬೀಳುತ್ತದೆ, ಅಂದರೆ ಬಿಸಿ ಮಿತಿಮೀರಿದಾಗ ಕರೆಂಟ್ ಕಡಿಯುವ ಎರಡನೇ ಸ್ವಿಚ್. ಕಟ್‌ಔಟ್ ಪದೇ ಪದೇ ಬೀಳುತ್ತೆ ಅಂತ ಕೆಲವರು "ಡೈರೆಕ್ಟ್ ಕೊಟ್ಬಿಡಿ" ಅನ್ನುತ್ತಾರೆ, ಅಂದರೆ ಕಟ್‌ಔಟ್ ತಪ್ಪಿಸಿ ಕರೆಂಟ್ ಕೊಡಿ ಅಂತ. ಆ ಕೆಲಸ ನಾನು ಮಾಡುವುದಿಲ್ಲ. ಥರ್ಮೋಸ್ಟಾಟ್ ಬದಲಾಯಿಸಿ, ಇಲ್ಲಾಂದ್ರೆ ಬೇರೆಯವರನ್ನು ಕರೀರಿ.

ವಾಲ್ವ್ ಬದಲಾಯಿಸುವುದು ದೊಡ್ಡ ಕೆಲಸವಲ್ಲ. ಎಂಸಿಬಿ ಇಳಿಸಿ, ನೀರು ಆರಲು ಬಿಡುತ್ತೇನೆ. ತಣ್ಣೀರಿನ ಆಂಗಲ್ ವಾಲ್ವ್ ಮುಚ್ಚಿ, ಸೇಫ್ಟಿ ವಾಲ್ವ್‌ನ ಲಿವರ್ ಎತ್ತಿ ಒತ್ತಡ ಇಳಿಸಿ, ಹಳೆಯದು ಬಿಚ್ಚಿ, ಟೆಫ್ಲಾನ್ ಟೇಪ್ ಸುತ್ತಿ ಹೊಸದು ಕೂರಿಸುತ್ತೇನೆ. ಮೇಲಿರುವ ಬಾಣದ ಗುರುತು ಗೀಸರ್ ಕಡೆಗೇ ಇರಬೇಕು. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಹೋಗಿ ನೀರು ಒಂದೇ ಸಮ ಬರುವ ತನಕ ಸ್ವಿಚ್ ಹಾಕುವುದಿಲ್ಲ. ಖಾಲಿ ಟ್ಯಾಂಕ್‌ನಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ.

ಮನೆಯವರಿಗೆ ಎರಡು ಮಾತು ಹೇಳಿ ಹೊರಡುತ್ತೇನೆ. ಎರಡು ಮೂರು ತಿಂಗಳಿಗೊಮ್ಮೆ ಗೀಸರ್ ತಣ್ಣಗಿರುವಾಗ ಲಿವರ್ ಎತ್ತಿ ನೀರು ಚಿಮ್ಮುತ್ತಾ ನೋಡಿ. ಹನಿ ಬೀಳುವುದು ಕಿರಿಕಿರಿ ಅನಿಸಿದರೆ ವಾಲ್ವ್ ಬಾಯಿಗೆ ಸಣ್ಣ ಪೈಪ್ ಹಾಕಿ ನೆಲದ ಜಾಲರಿ ತನಕ ಇಳಿಸಿ. ಪೈಪ್‌ನ ಕೆಳಗಿನ ತುದಿ ಮಾತ್ರ ತೆರೆದೇ ಇರಲಿ.