ಬಿಡಿಎಂ ನಾಯಕಿಯ ಆತ್ಮಕಥನವನ್ನು ಓದುವ ಕ್ರಮ

ನಾಜಿ ಜರ್ಮನಿಯ ಹಿಟ್ಲರ್ ಯುವದಳದಲ್ಲಿ ಹುಡುಗಿಯರ ಸಂಘಟನೆ ಬುಂಡ್ ಡಾಯ್ಚರ್ ಮೇಡೆಲ್, ಅಂದರೆ ಬಿಡಿಎಂ. ಅದರಲ್ಲಿ ನಾಯಕಿಯರಾಗಿದ್ದ ಕೆಲವರು ಯುದ್ಧದ ನಂತರ ತಮ್ಮ ಬದುಕನ್ನು ಬರೆದಿದ್ದಾರೆ. ಅಂಥ ಬರಹವನ್ನು ಇತಿಹಾಸದ ಆಕರವಾಗಿ ಬಳಸುವುದಾದರೆ, ಓದು ಶುರುಮಾಡುವ ಮೊದಲೇ ಒಂದು ಕಾಲಪಟ್ಟಿ ಮಾಡಿಟ್ಟುಕೊಳ್ಳಿ. ಅದಕ್ಕೆ ನಾಲ್ಕು ಅಂಕಣ ಸಾಕು: ದಿನಾಂಕ, ಆಗ ಆಕೆಯ ವಯಸ್ಸು ಮತ್ತು ಹುದ್ದೆ, ದೇಶದಲ್ಲಿ ನಡೆದದ್ದು, ಪುಸ್ತಕ ಹೇಳುವುದು. ಮೂರನೆಯ ಅಂಕಣದಲ್ಲಿ ಇವು ಇರಲೇಬೇಕು:

- 1936 ಡಿಸೆಂಬರ್ 1: ಹಿಟ್ಲರ್ ಯುವದಳದ ಕಾನೂನು
- 1938 ನವೆಂಬರ್ 15: ಯಹೂದಿ ಮಕ್ಕಳು ಜರ್ಮನ್ ಶಾಲೆಗಳಿಂದ ಹೊರಕ್ಕೆ
- 1939 ಮಾರ್ಚ್ 25: ಯುವದಳದ ಸೇವೆ ಕಡ್ಡಾಯ
- 1941 ಸೆಪ್ಟೆಂಬರ್ 19: ಯಹೂದಿಗಳು ಬಟ್ಟೆಯ ಮೇಲೆ ಹಳದಿ ನಕ್ಷತ್ರ ಧರಿಸುವುದು ಕಡ್ಡಾಯ
- 1941 ಅಕ್ಟೋಬರ್: ಜರ್ಮನ್ ನಗರಗಳಿಂದ ಯಹೂದಿಗಳ ಸಾಮೂಹಿಕ ಗಡೀಪಾರು

ನಾಲ್ಕನೆಯ ಅಂಕಣ ಎಲ್ಲಿ ಖಾಲಿ ಉಳಿಯುತ್ತದೋ ಅಲ್ಲೇ ನಿಮ್ಮ ಕೆಲಸ ಆರಂಭ. ನಗರವೊಂದರಲ್ಲಿ ವಾರವಾರ ಸಭೆ ನಡೆಸಿದ ನಾಯಕಿ ಶಿಬಿರದ ಬೆಂಕಿ, ಹಾಡು, ನಡಿಗೆಗಳನ್ನೆಲ್ಲ ನೆನೆದು, ಅದೇ ಬೀದಿಯ ನಕ್ಷತ್ರಗಳ ಬಗ್ಗೆ ಒಂದು ಸಾಲೂ ಬರೆಯದಿದ್ದರೆ ಆ ಮೌನವನ್ನೂ ಗುರುತುಮಾಡಿಕೊಳ್ಳಿ.

‘ಎಲ್ಲರೂ ಸೇರಲೇಬೇಕಿತ್ತು’ ಎಂಬ ಮಾತಿನಲ್ಲಿ ಓದುಗರು ಹೆಚ್ಚಾಗಿ ಎಡವುತ್ತಾರೆ. ಆಕೆ ಸೇರಿದ ದಿನಾಂಕವನ್ನು ಪಟ್ಟಿಗೆ ಹೋಲಿಸಿ. 1933ರಲ್ಲಿ ಸೇರಿದವಳಿಗೆ ಈ ವಿವರಣೆ ಹೊಂದುವುದಿಲ್ಲ. 1939ರ ಆದೇಶ ಕಡ್ಡಾಯ ಮಾಡಿದ್ದು ಸಾಮಾನ್ಯ ಸದಸ್ಯರ ಸೇವೆಯನ್ನು. ಒಂದೊಂದೇ ಮೆಟ್ಟಿಲು ಹತ್ತಿ ನಾಯಕಿಯಾದದ್ದಕ್ಕೆ ಬೇರೆಯೇ ಕಾರಣ ಹುಡುಕಬೇಕು.

ವಯಸ್ಸನ್ನೂ ಹುದ್ದೆಯನ್ನೂ ಬಿಡದೆ ಕೇಳಿ. 10ರಿಂದ 14ರವರೆಗೆ ಯುಂಗ್‌ಮೇಡೆಲ್, 14ರಿಂದ 18ರವರೆಗೆ ಬಿಡಿಎಂ. 1938ರಿಂದ 17ರಿಂದ 21ರವರಿಗೆ ಇನ್ನೊಂದು ವಿಭಾಗ. ಅತಿ ಚಿಕ್ಕ ತುಕಡಿ ಮೇಡೆಲ್‌ಶಾಫ್ಟ್, ಸುಮಾರು ಹತ್ತು-ಹದಿನೈದು ಹುಡುಗಿಯರದು. ಅದರ ಮೇಲೆ ಶಾರ್, ಗ್ರುಪ್ಪೆ, ರಿಂಗ್, ಉಂಟರ್‌ಗೌ, ಓಬರ್‌ಗೌ. ಹದಿನಾಲ್ಕರ ತುಕಡಿ ನಾಯಕಿಯನ್ನೂ ಸಂಬಳ ಪಡೆದು ಪ್ರಚಾರ ಸಾಮಗ್ರಿ ಸಿದ್ಧಪಡಿಸಿದ ಪೂರ್ಣಾವಧಿ ಅಧಿಕಾರಿಯನ್ನೂ ‘ನಾಯಕಿ’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವುದು ಅನ್ಯಾಯ. ಫೋಟೊ ನೋಡಿ ಹುದ್ದೆ ನಿರ್ಧರಿಸಬೇಡಿ. ನಾಯಕಿಯರ ಸಮವಸ್ತ್ರದಲ್ಲಿ ಹುದ್ದೆ ತೋರಿಸುವ ಬಣ್ಣದ ಹುರಿ ಇರುತ್ತಿತ್ತು: ಮೇಡೆಲ್‌ಶಾಫ್ಟ್ ನಾಯಕಿಯದು ಕೆಂಪು-ಬಿಳಿ, ಶಾರ್ ನಾಯಕಿಯದು ಹಸಿರು, ಗ್ರುಪ್ಪೆ ನಾಯಕಿಯದು ಹಸಿರು-ಬಿಳಿ. ಕಪ್ಪುಬಿಳುಪು ಚಿತ್ರದಲ್ಲಿ ಮೊದಲನೆಯದೂ ಕೊನೆಯದೂ ಒಂದೇ ತರ ಕಾಣುತ್ತವೆ.

ಪುಸ್ತಕದಲ್ಲಿ ಪೋಲೆಂಡಿನ ಅಧ್ಯಾಯವಿದ್ದರೆ ಅದನ್ನು ಎರಡು ಸಲ ಓದಿ. ಜರ್ಮನಿ ಕಬಳಿಸಿದ ವಾರ್ಟೆಗೌ ಪ್ರದೇಶಕ್ಕೆ ಬಿಡಿಎಂ ಹುಡುಗಿಯರನ್ನು ‘ಪೂರ್ವದ ಸೇವೆ’ಗೆ ಕಳಿಸುತ್ತಿದ್ದರು. ಪೋಲಿಷ್ ಕುಟುಂಬಗಳನ್ನು ಹೊರದಬ್ಬಿದ ಮನೆಗಳನ್ನು ಗುಡಿಸಿ, ಒರೆಸಿ, ಬರಲಿರುವ ಜರ್ಮನ್ ಮೂಲದ ಕುಟುಂಬಗಳಿಗೆ ಸಜ್ಜುಮಾಡುವುದು ಅವರ ಕೆಲಸಗಳಲ್ಲಿ ಒಂದು. ಇಲ್ಲಿ ಕ್ರಿಯಾಪದಗಳನ್ನು ಪೆನ್ಸಿಲಿನಿಂದ ಅಡಿಗೆರೆ ಎಳೆಯುತ್ತ ಹೋಗಿ. ‘ಮನೆ ಖಾಲಿಯಾಗಿತ್ತು’ ಎಂದಿದ್ದರೆ ಯಾರು ಖಾಲಿ ಮಾಡಿಸಿದರು, ಎಷ್ಟು ಹೊತ್ತಿನ ಮುಂಚೆ, ಪಾತ್ರೆಗಳು ಯಾರವು ಎಂದು ಅಂಚಿನಲ್ಲಿ ಬರೆಯಿರಿ. ‘ನಾನು’ ಎಂದು ಬರೆಯುತ್ತಿದ್ದವಳು ‘ನಾವು’ ಎಂದೋ, ಕರ್ತೃವೇ ಇಲ್ಲದ ವಾಕ್ಯಕ್ಕೋ ಜಾರುವ ಜಾಗವನ್ನು ಗುರುತಿಸಿ. ಪಾಪಪ್ರಜ್ಞೆ ಪ್ರಾಮಾಣಿಕವಾಗಿರುವ ಬರಹದಲ್ಲೂ ಈ ಜಾರುವಿಕೆ ಇರುತ್ತದೆ.

ಆಕೆ ಹೇಳುವ ಸಂತೋಷವನ್ನು ಸುಳ್ಳೆಂದು ತಳ್ಳಿಬಿಡಬೇಡಿ. ಇದು ಇನ್ನೊಂದು ತುದಿಯ ತಪ್ಪು. ಅಪ್ಪ-ಅಮ್ಮನ ಕಣ್ಣಳತೆಯ ಆಚೆ ಪ್ರವಾಸ, ಆಟ, ನಾಲ್ಕು ಜನರ ಮುಂದೆ ಮಾತಾಡುವ ಅಧಿಕಾರ ಆ ವಯಸ್ಸಿನ ಹುಡುಗಿಗೆ ನಿಜವಾಗಿಯೂ ಸಿಕ್ಕಿದವು. ಆಡಳಿತ ಅವಳನ್ನು ಹಿಡಿದಿಟ್ಟದ್ದು ಬೆದರಿಕೆಯಿಂದ ಮಾತ್ರವಲ್ಲ, ಇದರಿಂದಲೂ.

ಕೊನೆಗೆ ದಾಖಲೆ ತಾಳೆ ನೋಡಿ. ನಾಜಿ ಪಕ್ಷದ ಸದಸ್ಯತ್ವ ಕಾರ್ಡುಗಳು ಬರ್ಲಿನ್-ಲಿಷ್ಟರ್‌ಫೆಲ್ಡೆಯಲ್ಲಿರುವ ಜರ್ಮನಿಯ ರಾಷ್ಟ್ರೀಯ ಪತ್ರಾಗಾರ ಬುಂಡೆಸ್‌ಆರ್ಕೀವ್‌ನಲ್ಲಿವೆ. ನಾಜಿ ನಂಟಿನ ಬಗ್ಗೆ ಯುದ್ಧಾನಂತರ ನಡೆದ ವಿಚಾರಣೆಯ ಕಡತಗಳಿಗೆ ಆಯಾ ರಾಜ್ಯದ ಪತ್ರಾಗಾರಕ್ಕೆ ಹೋಗಬೇಕು. ಕಡತದಲ್ಲಿ ಶಿಕ್ಷೆ ಕಾಣದಿದ್ದರೆ ನಿರಪರಾಧಿ ಎಂದು ಬರೆದುಬಿಡಬೇಡಿ: ಯುದ್ಧದ ನಂತರ ಅಮೆರಿಕದ ಹಿಡಿತದಲ್ಲಿದ್ದ ಜರ್ಮನಿಯ ವಲಯದಲ್ಲಿ 1919ರ ಜನವರಿ 1ರ ನಂತರ ಹುಟ್ಟಿದವರಿಗೆ 1946ರ ಆಗಸ್ಟ್‌ನಲ್ಲಿ ಯುವ ಕ್ಷಮಾದಾನ ಸಿಕ್ಕಿತ್ತು. ಅದೇ ಊರಿನ ಯಹೂದಿ ಸಹಪಾಠಿಯೊಬ್ಬಳ ಹೇಳಿಕೆ ದೊರೆತರೆ ಪಟ್ಟಿಗೆ ಐದನೆಯ ಅಂಕಣ ಸೇರಿಸಿ, ಅವೇ ದಿನಾಂಕಗಳ ಎದುರು ಅವಳ ಮಾತನ್ನು ಬರೆಯಿರಿ.