ಪೀಣ್ಯದ ಶಾಪಿನಲ್ಲಿ ಮನಸ್ಸಿಟ್ಟು ದುಡಿಯುವ ವಾತಾವರಣ: ನನ್ನ ಅನುಭವ

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದಲ್ಲಿ ಯಾವ ಕಾರ್ಖಾನೆಯ ಕಚೇರಿಯಲ್ಲಿ ಕುಳಿತರೂ ಒಂದು ದೂರು ಕಿವಿಗೆ ಬೀಳುತ್ತದೆ: ಕೆಲಸಗಾರರಿಗೆ ಈಗ ಮನಸ್ಸಿಲ್ಲ, ಹೇಳಿದಷ್ಟು ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಪೀಣ್ಯ ಎರಡನೇ ಹಂತದಲ್ಲಿರುವ, ಕಂಪ್ಯೂಟರ್ ಆಜ್ಞೆಯಂತೆ ಲೋಹ ಕಡೆಯುವ ಸಿಎನ್‌ಸಿ ಲೇತ್‌ಗಳ ಶಾಪೊಂದರಲ್ಲಿ ಉತ್ಪಾದನೆಯ ಹೊಣೆ ಹೊತ್ತು ಹಲವು ವರ್ಷಗಳಾದವು. ಈ ದೂರನ್ನು ನಾನು ಒಪ್ಪುವುದಿಲ್ಲ. ಐಟಿಐ ಮುಗಿಸಿ ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದ ಹುಡುಗ ಮೊದಲ ವಾರ ಯಂತ್ರದ ಮುಂದೆ ನಿಲ್ಲುವ ರೀತಿಯನ್ನು ಯಾರಾದರೂ ಬಂದು ನೋಡಲಿ. ಪ್ರತಿ ಗುಂಡಿ ಏನು ಮಾಡುತ್ತದೆ ಎಂದು ಕೇಳುತ್ತಾನೆ, ತಾನು ಮಾಡಿದ ಮೊದಲ ಸರಿಯಾದ ಪೀಸನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾನೆ. ಅದೇ ಹುಡುಗ ಕೆಲವೇ ತಿಂಗಳಲ್ಲಿ ಗಡಿಯಾರ ನೋಡುತ್ತಾ ನಿಲ್ಲುತ್ತಾನೆ ಎಂದರೆ ನಡುವೆ ಅವನ ಆಸಕ್ತಿಯನ್ನು ಕೊಂದದ್ದು ಯಾವುದೋ ಇದೆ. ಅದನ್ನು ಹುಡುಕಿ ತೆಗೆಯುವುದು ಮೇಲಿರುವವರ ಕೆಲಸ.

ಸಂಬಳದ ಮಾತನ್ನು ಮೊದಲೇ ಮುಗಿಸುತ್ತೇನೆ. 1950ರ ದಶಕದಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪಿಟ್ಸ್‌ಬರ್ಗ್ ಸುತ್ತಲಿನ ಎಂಜಿನಿಯರ್‌ಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ, ಸಂಬಳ ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಸರಿಯಿದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ ಎಂದು ಹೇಳಿದರು. ಇದರ ಎರಡನೇ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡು ‘ಹಣ ಮುಖ್ಯವಲ್ಲ’ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ಒಂದು ಕೋಣೆಯನ್ನು ನಾಲ್ವರು ಹಂಚಿಕೊಂಡು, ಊರಿಗೆ ಹಣ ಕಳುಹಿಸುವವನಿಗೆ ತಿಂಗಳ ಮೊದಲ ವಾರ ಎಂದರೆ ಏನು ಎಂಬುದು ಅವರಿಗೆ ಗೊತ್ತಿಲ್ಲ. 1936ರ ವೇತನ ಪಾವತಿ ಕಾಯ್ದೆಯೇ ನಮ್ಮಂಥ ಸಣ್ಣ ಕಾರ್ಖಾನೆಗಳು 7ನೇ ತಾರೀಕಿನೊಳಗೆ ಸಂಬಳ ಕೊಡಬೇಕೆಂದು ವಿಧಿಸಿತ್ತು. ಓಟಿಗೆ (ಹೆಚ್ಚುವರಿ ಗಂಟೆಯ ದುಡಿಮೆಗೆ) ಎರಡು ಪಟ್ಟು ಕೂಲಿ ಎಂದು 1948ರ ಕಾರ್ಖಾನೆಗಳ ಕಾಯ್ದೆ ಹೇಳಿತ್ತು. ಈ ಎರಡೂ ನೆಟ್ಟಗೆ ನಡೆಯದ ಕಡೆ ಪ್ರೇರಣೆಯ ಮಾತನ್ನು ಯಾರೂ ಎತ್ತಬಾರದು. ನಮ್ಮ ಮಾಲೀಕರು ಈ ವಿಷಯದಲ್ಲಿ ಶಿಸ್ತಿನವರು. ಆದ್ದರಿಂದಲೇ ಉಳಿದದ್ದೆಲ್ಲ ನನಗೆ ಸಾಧ್ಯವಾಯಿತು.

ನಾವು ಮುಖ್ಯವಾಗಿ ತಯಾರಿಸುವುದು ದ್ವಿಚಕ್ರ ವಾಹನಗಳ ಡಿಸ್ಕ್ ಬ್ರೇಕಿನ ಮಾಸ್ಟರ್ ಸಿಲಿಂಡರಿನೊಳಗೆ ಕೂರುವ ಅಲ್ಯುಮಿನಿಯಂ ಪಿಸ್ಟನ್. ಕಿರುಬೆರಳಿನಷ್ಟು ದಪ್ಪದ ವಸ್ತು. ಅದರ ಮೈಮೇಲೆ ರಬ್ಬರ್ ಕಪ್ ಕೂರಲು ಗ್ರೂವ್ (ಸಣ್ಣ ತೋಡು) ಕೊರೆದಿರುತ್ತದೆ. ಆ ಗ್ರೂವ್‌ನ ಅಂಚಿನಲ್ಲಿ ಬರ್ (ಕೊರೆದಾಗ ಉಳಿಯುವ ಚೂಪಾದ ಲೋಹದ ಎಳೆ) ಇರಬಾರದು, ವ್ಯಾಸ ಕೆಲವೇ ಮೈಕ್ರಾನ್‌ಗಳ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಮಿತಿಯಲ್ಲಿರಬೇಕು. ಕೆಲಸ ಇಷ್ಟೇ, ಆದರೆ ಮೂರು ಶಿಫ್ಟಿನಲ್ಲೂ ಒಂದೇ ಸಮನೆ ಬರಬೇಕು.

ಶಿಫ್ಟ್ ಆರಂಭದಲ್ಲಿ ಎಲ್ಲರೂ ನಿಂತೇ ನಡೆಸುವ ಹತ್ತು ನಿಮಿಷದ ಸಭೆ ನಾನು ಸೇರುವ ಮೊದಲೇ ಇತ್ತು. ಅದರಲ್ಲಿ ಟಾರ್ಗೆಟ್ ಓದುತ್ತಿದ್ದರು, ನಿನ್ನೆಯ ರಿಜೆಕ್ಷನ್ (ತಿರಸ್ಕೃತವಾದ ಪೀಸುಗಳ ಲೆಕ್ಕ) ಓದುತ್ತಿದ್ದರು, ಹುಷಾರಾಗಿ ಕೆಲಸ ಮಾಡಿ ಎಂದು ಹೇಳಿ ಕಳುಹಿಸುತ್ತಿದ್ದರು. ಟಾರ್ಗೆಟ್ ಬೋರ್ಡಿನ ಮೇಲೆ ಬರೆದೇ ಇರುತ್ತದೆ, ಓದುವ ಅಗತ್ಯವಿಲ್ಲ. ಆ ಜಾಗದಲ್ಲಿ ನಾನು ಒಂದು ಪ್ರಶ್ನೆಯನ್ನಿಟ್ಟೆ: “ನಿನ್ನೆ ನಿಮ್ಮ ಕೆಲಸಕ್ಕೆ ಅಡ್ಡ ಬಂದದ್ದು ಯಾವುದು?” ಬಹಳ ದಿನ ಯಾರೂ ಬಾಯಿ ಬಿಡಲಿಲ್ಲ. ಕಿರಿಯರು ಹಿರಿಯ ಆಪರೇಟರ್ ಮುಖ ನೋಡುತ್ತಿದ್ದರು, ಹಿರಿಯರು ಸೂಪರ್‌ವೈಸರ್ ಮುಖ ನೋಡುತ್ತಿದ್ದರು. ನಾನು ಉತ್ತರಕ್ಕೆ ಒತ್ತಾಯಿಸದೆ, ಪ್ರಶ್ನೆಯನ್ನು ಬಿಡದೆ ಪ್ರತಿದಿನ ಕೇಳುತ್ತಾ ಹೋದೆ.

ಮೊದಲು ಮಾತನಾಡಿದವರು ಹಾಸನದ ಕಡೆಯ ಹಿರಿಯ ಆಪರೇಟರ್. ಶಾಪಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಾರೆ. “ಸರ್, ನಮ್ಮ ಶಿಫ್ಟ್ ಆರಕ್ಕೆ ಶುರುವಾಗುತ್ತದೆ, ಸ್ಟೋರ್ ಬಾಗಿಲು ತೆಗೆಯುವುದು ಒಂಬತ್ತಕ್ಕೆ. ಇನ್ಸರ್ಟ್ ಮೊಂಡಾದರೆ ಮೂರು ಗಂಟೆ ಅದರಲ್ಲೇ ಓಡಿಸಬೇಕು. ಬರ್ ಬಂತು ಎಂದು ಆಮೇಲೆ ನಮ್ಮನ್ನೇ ಕೇಳುತ್ತೀರಿ,” ಎಂದರು. ಮಾತು ಅಕ್ಷರಶಃ ನಿಜವಾಗಿತ್ತು. ಇನ್ಸರ್ಟ್ ಎಂದರೆ ಲೋಹ ಕತ್ತರಿಸುವ, ಸವೆದಾಗ ಬದಲಾಯಿಸುವ ಸಣ್ಣ ಅಲಗು. ಈ ಕಾರ್ಬೈಡ್ ಇನ್ಸರ್ಟ್‌ಗಳು ಹತ್ತರ ಡಬ್ಬಿಯಲ್ಲಿ ಬರುತ್ತವೆ, ಒಂದೊಂದಕ್ಕೂ ಕೆಲವು ನೂರು ರೂಪಾಯಿ ಬೆಲೆ, ಜೇಬಿನಲ್ಲಿ ಸುಲಭವಾಗಿ ಹೋಗುತ್ತವೆ. ಹಾಗಾಗಿ ಬೀಗ. ಕೀಲಿಯನ್ನು ಶಿಫ್ಟಿನವರಿಗೆ ಕೊಡಿ ಎಂದಾಗ ಮಾಲೀಕರು ಹಿಂಜರಿದರು. ಪರಿಹಾರವನ್ನು ಸೂಚಿಸಿದವರೂ ಅಣ್ಣನೇ: ಎಲ್ಲ ಅಂಚೂ ಸವೆದ ಹಳೆಯ ಇನ್ಸರ್ಟ್ ಟ್ರೇಯಲ್ಲಿ ಹಾಕಿದವನು ಹೊಸದೊಂದನ್ನು ತೆಗೆದುಕೊಳ್ಳಲಿ. ಯಂತ್ರಗಳ ಪಕ್ಕದಲ್ಲೇ ಒಂದು ಸಣ್ಣ ಕಪಾಟು ಇಟ್ಟೆವು. ಸವೆದ ಕಾರ್ಬೈಡ್‌ಗೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇರುವುದರಿಂದ ಲೆಕ್ಕವೂ ಚೊಕ್ಕವಾಗಿ ಕೂಡಿಬಂತು.

ಆ ಕಪಾಟು ಬಂದ ಮೇಲೆ ಸಭೆಯ ಬಣ್ಣವೇ ಬದಲಾಯಿತು. ಲೋಹ ಕತ್ತರಿಸುವಾಗ ತಂಪಿಗೆ ಸುರಿಯುವ ಕೂಲಂಟ್ ದ್ರವದ ವಾಸನೆ, ರಾತ್ರಿ ಶಿಫ್ಟಿನಲ್ಲಿ ಕುಡಿಯುವ ನೀರಿನ ಕ್ಯಾನ್ ಖಾಲಿ, ಶೌಚಾಲಯದ ದೀಪ ಕೆಟ್ಟಿದೆ, ರಂಧ್ರದ ಅಳತೆ ನೋಡಲು ಇರುವ ಒಂದೇ ಪ್ಲಗ್ ಗೇಜ್ ಹುಡುಕುತ್ತಾ ಅಲೆಯಬೇಕು. ಎಲ್ಲವನ್ನೂ ಗೋಡೆಯ ಬೋರ್ಡಿನ ಮೇಲೆ ಬರೆದು, ಎದುರಿಗೆ ಉತ್ತರ ಕೊಡುವ ದಿನಾಂಕ ಹಾಕಿದೆವು. ಆಗುವುದಿಲ್ಲ ಎಂಬುದೂ ಉತ್ತರವೇ, ಆದರೆ ಕಾರಣ ಸಮೇತ ಬರೆಯಬೇಕು. ಹಿಂದೆ ನಾನಿದ್ದ ಒಂದು ಕಾರ್ಖಾನೆಯಲ್ಲಿ ಬೀಗ ಹಾಕಿದ ಸಲಹಾ ಪೆಟ್ಟಿಗೆಯಿತ್ತು. ಒಳಗೆ ಬಿದ್ದ ಚೀಟಿಗೆ ಏನಾಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಂಥ ಪೆಟ್ಟಿಗೆ ಇಡುವುದಕ್ಕಿಂತ ಇಡದಿರುವುದೇ ಲೇಸು. ಉತ್ತರ ಸಿಗದ ಸಲಹೆ ಮುಂದಿನ ಹತ್ತು ಸಲಹೆಗಳ ಬಾಯಿ ಮುಚ್ಚಿಸುತ್ತದೆ.

ಈಗ ಕೆಂಪು ಬಿನ್ ವಿಷಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಇಲ್ಲಿದೆ.

ಚಿಪ್ಸ್ (ಕತ್ತರಿಸಿ ಬಿದ್ದ ಲೋಹದ ಸುರುಳಿ) ಎತ್ತುವ ಗುಜರಿಯವರು ಬಂದಾಗ ಟ್ರಾಲಿಯ ತಳದಲ್ಲಿ, ಲೋಹದ ಸುರುಳಿಗಳ ಅಡಿಯಲ್ಲಿ, ಪೂರ್ತಿ ಮುಗಿದ ಪಿಸ್ಟನ್‌ಗಳು ಸಿಗುತ್ತಿದ್ದವು. ಅಳತೆ ತಪ್ಪಿದ ಪೀಸುಗಳನ್ನು ಯಾರೋ ಹುಗಿದಿದ್ದರು. ಮಾಲೀಕರು ಟ್ರಾಲಿಯ ಮೇಲೆ ಕ್ಯಾಮೆರಾ ಹಾಕಿಸೋಣ ಎಂದರು. ನನಗೆ ಸ್ವಲ್ಪ ಕಾಲಾವಕಾಶ ಕೊಡಿ ಎಂದು ಕೇಳಿಕೊಂಡೆ. ಪೀಸನ್ನು ಹುಗಿಯುವವನು ಕಳ್ಳನಲ್ಲ, ಹೆದರಿದವನು. ರಿಜೆಕ್ಷನ್ ಆದರೆ ಎಲ್ಲರೆದುರು ಬೈಗುಳ, ಹೆಸರು ಬೋರ್ಡಿನ ಮೇಲೆ. ಹೀಗಿರುವಾಗ ಕೆಟ್ಟ ಪೀಸನ್ನು ತಾನೇ ತಂದು ತೋರಿಸುವಷ್ಟು ಗಟ್ಟಿ ಎದೆ ಎಷ್ಟು ಜನಕ್ಕಿರುತ್ತದೆ?

ಪ್ರತಿ ಯಂತ್ರದ ಪಕ್ಕ ಒಂದು ಕೆಂಪು ಬಿನ್ ಇಟ್ಟೆವು. ಅಳತೆ ತಪ್ಪಿದ ಪೀಸಿಗೆ ಒಂದು ಟ್ಯಾಗ್ ಕಟ್ಟಿ ಅದರಲ್ಲಿ ಹಾಕಬೇಕು. ಟ್ಯಾಗ್‌ನಲ್ಲಿ ಗಂಟೆ, ತಪ್ಪಿದ ಅಳತೆ, ಟೂಲ್ ನಂಬರ್ ಬರೆಯಲು ಜಾಗವಿದೆ. ಹೆಸರು ಬರೆಯಲು ಜಾಗವೇ ಇಲ್ಲ. ಯಾವ ಯಂತ್ರದಲ್ಲಿ ಯಾರಿದ್ದರು ಎಂಬುದು ಎಲ್ಲರಿಗೂ ಗೊತ್ತು, ನಿಜ. ಆದರೂ ಆ ಕಾಲಂ ಇಲ್ಲದಿರುವುದನ್ನು ಜನ ಗಮನಿಸಿದರು. ಕೆಂಪು ಬಿನ್ನಿನ ಪೀಸಿಗಾಗಿ ಯಾರನ್ನೂ ಬೈಯಕೂಡದು ಎಂದು ಸೂಪರ್‌ವೈಸರ್‌ಗಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ‘ಯಾರು’ ಎಂದು ಕೇಳಬೇಡಿ, ‘ಯಾವಾಗ, ಹೇಗೆ’ ಎಂದು ಕೇಳಿ ಎಂದೆ.

ದಾಖಲೆಯಲ್ಲಿ ರಿಜೆಕ್ಷನ್ ಏರಿತು. ಏರಲೇಬೇಕಿತ್ತು. ಮಾಲೀಕರು ಗಾಬರಿಯಾದರು. ಕೊಟ್ಟ ಕಚ್ಚಾ ಸರಳುಗಳಿಂದ ಎಷ್ಟು ಪೀಸ್ ಬರಬೇಕು, ಸ್ಟೋರಿಗೆ ಎಷ್ಟು ಬಂತು ಎಂಬ ಹಳೆಯ ಲೆಕ್ಕ ತೆಗೆದು ತೋರಿಸಿದೆ. ನಡುವೆ ಕಾಣೆಯಾಗುತ್ತಿದ್ದ ಪೀಸುಗಳೇ ಈಗ ಕೆಂಪು ಬಿನ್ನಿನಲ್ಲಿ ಕಾಣಿಸಿಕೊಂಡಿದ್ದವು. ನಷ್ಟ ಮೊದಲಿನಷ್ಟೇ ಇತ್ತು, ಈಗ ಅದಕ್ಕೆ ಗಂಟೆ ಮತ್ತು ಕಾರಣ ಸಿಕ್ಕಿತ್ತು.

ಟ್ಯಾಗ್‌ಗಳನ್ನು ಮೇಜಿನ ಮೇಲೆ ಹರಡಿ ನೋಡಿದಾಗ ಬಹುಪಾಲು ಊಟದ ವಿರಾಮ ಮುಗಿದ ತಕ್ಷಣದ ಪೀಸುಗಳು. ಯಂತ್ರ ಓಡುವಾಗ ಪೀಸನ್ನು ತಿರುಗಿಸುವ ಸ್ಪಿಂಡಲ್ ಬಿಸಿಯಾಗಿ ತುಸು ಹಿಗ್ಗುತ್ತದೆ, ಅಳತೆ ಆ ಬಿಸಿಗೆ ಹೊಂದಿಕೊಂಡಿರುತ್ತದೆ. ಅರ್ಧ ಗಂಟೆ ನಿಂತರೆ ತಣ್ಣಗಾಗಿ ಮೊದಲ ಕೆಲವು ಪೀಸುಗಳು ಅಳತೆ ತಪ್ಪುತ್ತವೆ. ಇದನ್ನು ಸಭೆಯಲ್ಲಿ ಹೇಳಿದಾಗ ಒಬ್ಬ ಆಪರೇಟರ್ ಸಹಜವಾಗಿ, “ನಮಗೆ ಗೊತ್ತು ಸರ್, ನಾವು ಅಂದಾಜಿನ ಮೇಲೆ ಸ್ವಲ್ಪ ಆಫ್‌ಸೆಟ್ ಕೊಟ್ಟು ನೋಡುತ್ತೇವೆ,” ಎಂದ. ಆಫ್‌ಸೆಟ್ ಎಂದರೆ ಯಂತ್ರದಲ್ಲಿ ಟೂಲಿನ ಸ್ಥಾನವನ್ನು ತುಸು ತಿದ್ದುವ ಅಂಕಿ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು! ಹೇಳಿದರೆ ರಿಜೆಕ್ಷನ್ ಒಪ್ಪಿಕೊಂಡಂತಾಗುತ್ತದೆ ಎಂದು ಆ ತಿಳಿವಳಿಕೆಯನ್ನು ನುಂಗಿಕೊಂಡಿದ್ದರು. ವಿರಾಮದ ಕೊನೆಯಲ್ಲಿ ಯಂತ್ರವನ್ನು ಖಾಲಿ ಓಡಿಸುವುದು, ಮೊದಲ ಪೀಸನ್ನು ಅಳೆದೇ ಮುಂದುವರಿಯುವುದು, ಗೊತ್ತುಪಡಿಸಿದ ಮಿತಿಯೊಳಗೆ ಆಪರೇಟರೇ ಆಫ್‌ಸೆಟ್ ತಿದ್ದುವುದು, ಈ ಕ್ರಮವನ್ನು ಅವರೇ ರೂಪಿಸಿದರು. ಆ ಅಧಿಕಾರ ಕೈಗೆ ಬಂದ ದಿನದಿಂದ ಯಂತ್ರವನ್ನು ‘ನನ್ನ ಮಷೀನು’ ಎಂದು ಕರೆಯುವವರನ್ನು ನಾನು ಕಂಡಿದ್ದೇನೆ.

ಬಾಸ್ಟನ್ ವಿಶ್ವವಿದ್ಯಾಲಯದ ವಿಲಿಯಂ ಕಾನ್ 1990ರಲ್ಲಿ ಒಂದು ಬೇಸಿಗೆ ಶಿಬಿರ ಮತ್ತು ಒಂದು ವಾಸ್ತುಶಿಲ್ಪ ಸಂಸ್ಥೆಯ ಜನರನ್ನು ಗಮನಿಸಿ, ಮನುಷ್ಯ ಕೆಲಸದಲ್ಲಿ ತನ್ನನ್ನು ತೊಡಗಿಸಿಕೊಳ್ಳಲು ಮೂರು ಬೇಕು ಎಂದರು: ಕೆಲಸದಲ್ಲಿ ಅರ್ಥ, ಬಾಯಿಬಿಟ್ಟರೆ ಹಾನಿಯಿಲ್ಲ ಎಂಬ ಭರವಸೆ, ಮೈಮನಗಳಲ್ಲಿ ತ್ರಾಣ. ಕೆಂಪು ಬಿನ್ ಎರಡನೆಯದಕ್ಕೆ ಸೇರಿದ್ದು.

ಅರ್ಥದ ವಿಷಯದಲ್ಲಿ ನಾವು ಮಾಡಿದ್ದು ಸರಳವಾದದ್ದು. ಗ್ರಾಹಕ ಕಂಪನಿಯ ಅನುಮತಿ ಪಡೆದು ಆಪರೇಟರ್‌ಗಳನ್ನು ಸಣ್ಣ ತಂಡಗಳಾಗಿ ಬ್ರೇಕ್ ಜೋಡಿಸುವ ಕಡೆಗೆ ಕರೆದೊಯ್ದೆವು. ಡ್ರಾಯಿಂಗ್‌ನಲ್ಲಿ ‘ಬರ್ ಇರಕೂಡದು’ ಎಂದು ಬರೆದಿರುವುದನ್ನು ಸಾವಿರ ಸಲ ಓದಿದವರು, ಬರ್ ಇರುವ ಗ್ರೂವ್‌ಗೆ ರಬ್ಬರ್ ಕಪ್ ಏರಿಸಿದಾಗ ಅದರ ತುಟಿ ಸೀಳುವುದನ್ನು ಅಲ್ಲಿ ಕಣ್ಣಾರೆ ನೋಡಿದರು. ಸೀಳಿದ ಕಪ್ಪಿನಿಂದ ಒತ್ತಡ ನಿಲ್ಲುವುದಿಲ್ಲ, ಬ್ರೇಕ್ ಲಿವರ್ ಹಿಡಿದಂತೆ ಒಳಗೆ ಕುಸಿಯುತ್ತದೆ. ನಮ್ಮವರಲ್ಲಿ ಅನೇಕರು ದ್ವಿಚಕ್ರ ವಾಹನದಲ್ಲೇ ಓಡಾಡುವವರು, ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು. ವಿವರಣೆ ಬೇಕಾಗಲಿಲ್ಲ. ಅಮೆರಿಕದ ಆಡಂ ಗ್ರಾಂಟ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಶ್ವವಿದ್ಯಾಲಯಕ್ಕಾಗಿ ಫೋನಿನಲ್ಲಿ ದೇಣಿಗೆ ಕೇಳುವವರು ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಐದು ನಿಮಿಷ ಭೇಟಿಯಾದ ನಂತರ, ತಿಂಗಳು ಕಳೆದಾಗ ಅವರು ಫೋನಿನಲ್ಲಿ ದುಡಿಯುವ ಸಮಯ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ನಮ್ಮಲ್ಲಿ ಅಂಥ ಅಳತೆ ಮಾಡಲಿಲ್ಲ. ಆದರೆ ಹೊಸ ಟ್ರೈನಿಗೆ ಗ್ರೂವ್ ತೋರಿಸುತ್ತಾ “ಇದು ಒಬ್ಬರ ಪ್ರಾಣ ಕಣೋ” ಎಂದು ಹಿರಿಯರು ಹೇಳುವುದು ಅಂದಿನಿಂದ ಶುರುವಾಯಿತು. ನಾನು ಹೇಳಿದ್ದರೆ ಆ ಮಾತಿಗೆ ಅಷ್ಟು ತೂಕ ಬರುತ್ತಿರಲಿಲ್ಲ.

ಇನ್ಸೆಂಟಿವ್ ಪದ್ಧತಿಯನ್ನೂ ಬದಲಿಸಿದೆವು. ಒಬ್ಬೊಬ್ಬನ ಪೀಸ್ ಲೆಕ್ಕದಲ್ಲಿ ಹಣ ಕೊಡುತ್ತಿದ್ದಾಗ ಸುಲಭದ ಜಾಬ್‌ಗಾಗಿ ಪೈಪೋಟಿ, ಟ್ರೈನಿಗೆ ಕಲಿಸಿದರೆ ನಷ್ಟ. ಈಗ ಯಂತ್ರಗಳ ಒಂದು ಗುಂಪಿಗೆ, ಸರಿಯಾದ ಪೀಸುಗಳ ಲೆಕ್ಕಕ್ಕೆ ಮಾತ್ರ. ಚುರುಕಾದ ಕೆಲವರು ಮೊದಲು ಗೊಣಗಿದರು. ಅವರ ಮಾತಿನಲ್ಲಿ ನ್ಯಾಯವೂ ಇತ್ತು. ಅವರಿಗೆ ಪ್ರೋಗ್ರಾಮಿಂಗ್ ಕಲಿಸಿ, ಯಂತ್ರವನ್ನು ಹೊಸ ಜಾಬ್‌ಗೆ ಸಜ್ಜುಗೊಳಿಸುವ ಸೆಟ್ಟರ್ ದರ್ಜೆಗೆ ಏರಿಸುವ ದಾರಿ ತೆರೆದೆವು.

ತ್ರಾಣದ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ರಜೆ. ಬಿಹಾರದವರಿಗೆ ಛಠ್ ಹಬ್ಬ, ಪಶ್ಚಿಮ ಒಡಿಶಾದವರಿಗೆ ನುಆಖಾಯಿ ಎಂಬ ಹೊಸ ಫಸಲಿನ ಹಬ್ಬ, ಕಲಬುರಗಿ ಕಡೆಯವರಿಗೆ ಊರ ಜಾತ್ರೆ ಮತ್ತು ಬಿತ್ತನೆ. ರಜೆಯನ್ನು ಕೊನೆ ವಾರದಲ್ಲಿ ಮಂಜೂರು ಮಾಡಿದರೆ ರೈಲಿನಲ್ಲಿ ಸೀಟೇ ಇರುವುದಿಲ್ಲ. ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 60 ದಿನ ಮೊದಲು ತೆರೆಯುತ್ತದೆ, ಹಬ್ಬದ ರೈಲುಗಳು ತೆರೆದ ಕೂಡಲೇ ತುಂಬುತ್ತವೆ. ಎರಡು ದಿನ ಜನರಲ್ ಬೋಗಿಯಲ್ಲಿ ನಿಂತು ಹೋಗಿ ನಿಂತೇ ಬಂದವನಿಂದ ಮರುದಿನ ಮೈಕ್ರಾನ್ ಲೆಕ್ಕದ ಕೆಲಸ ಕೇಳುವುದು ಅನ್ಯಾಯ. ಅದಕ್ಕೇ ಬುಕಿಂಗ್ ತೆರೆಯುವ ಮುಂಚೆಯೇ ರಜೆ ಪಟ್ಟಿ ಅಂಟಿಸುತ್ತೇವೆ. ಯಾರು ಹೋಗಬೇಕು, ಯಾರು ಉಳಿಯಬೇಕು ಎಂದು ಅವರವರೇ ಕೂತು ತೀರ್ಮಾನಿಸುತ್ತಾರೆ. ಛಠ್‌ಗೆ ಹೋದವರ ಯಂತ್ರವನ್ನು ಕನ್ನಡದ ಹುಡುಗರು ನೋಡಿಕೊಳ್ಳುತ್ತಾರೆ, ಯುಗಾದಿಗೆ ಬಿಹಾರದವರು ಋಣ ತೀರಿಸುತ್ತಾರೆ. ಹೇಳದೆ ಕೇಳದೆ ಊರಿಗೆ ಹೋಗಿ ವಾಪಸು ಬಾರದವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಇದರಲ್ಲಿ ಯಾವುದೂ ಸೂಪರ್‌ವೈಸರ್‌ಗಳಿಲ್ಲದೆ ನಿಲ್ಲುವುದಿಲ್ಲ. ನಿನ್ನೆಯವರೆಗೆ ಆಪರೇಟರ್ ಆಗಿದ್ದವನಿಗೆ ಏಕಾಏಕಿ ಹನ್ನೆರಡು ಜನರ ಹೊಣೆ ಕೊಟ್ಟು, ಯಾವ ತರಬೇತಿಯನ್ನೂ ಕೊಡದೆ ಬಿಡುವುದು ನಮ್ಮ ಉದ್ಯಮದ ಕೆಟ್ಟ ರೂಢಿ. ಅವನಿಗೆ ಗೊತ್ತಿರುವುದು ತನ್ನ ಸೂಪರ್‌ವೈಸರ್ ತನ್ನ ಮೇಲೆ ಕೂಗಾಡಿದ ರೀತಿ ಮಾತ್ರ. ನಾನು ಅವರೊಂದಿಗೆ ವಾರಕ್ಕೊಮ್ಮೆ ಕೂರುತ್ತೇನೆ. ತಿದ್ದುವುದಿದ್ದರೆ ಪಕ್ಕಕ್ಕೆ ಕರೆದು ಹೇಳಿ. ಹೊಗಳುವುದಿದ್ದರೆ ‘ಗುಡ್’ ಎಂದು ಸುಮ್ಮನಾಗದೆ ಏನು ಚೆನ್ನಾಗಿತ್ತು ಎಂದು ಹೆಸರಿಸಿ. ಕೆಲವರು ಬೇಗ ಕಲಿತರು. ಒಬ್ಬರು ಮತ್ತೆ ಯಂತ್ರಕ್ಕೇ ಹೋಗುತ್ತೇನೆಂದರು. ಮರ್ಯಾದೆ ಕಡಿಮೆಯಾಗದಂತೆ, ಸಂಬಳ ಇಳಿಸದೆ ಕಳುಹಿಸಿದೆವು. ಈಗ ಅವರು ನಮ್ಮ ಅತ್ಯುತ್ತಮ ಸೆಟ್ಟರ್.

ಇನ್ನೂ ಬಗೆಹರಿಯದೆ ಉಳಿದಿರುವುದು ಡಿಬರಿಂಗ್ ಮೇಜಿನ ಹೆಣ್ಣುಮಕ್ಕಳ ವಿಷಯ. ಅವರು ಗುತ್ತಿಗೆದಾರರ ಮೂಲಕ ಬರುವವರು, ಕೆಲವು ತಿಂಗಳಿಗೊಮ್ಮೆ ಬೇರೆ ಕಾರ್ಖಾನೆಗೆ ಸಾಗಿಸಲ್ಪಡುವವರು. ಬರ್ ತೆಗೆಯುವ ಕೊನೆಯ ಕೈ ಅವರದೇ, ಆದರೂ ಬೆಳಗಿನ ಸಭೆಗೆ ಅವರನ್ನು ಕರೆಯುವ ರೂಢಿ ಇರಲಿಲ್ಲ. ಈಗ ಕರೆಯುತ್ತೇವೆ. ಬೆಳಕು ಸಾಲದು, ಭೂತಗನ್ನಡಿಯುಳ್ಳ ದೀಪ ಬೇಕು ಎಂದು ಅವರು ಬರೆಸಿದ್ದು ಒಂದೇ ವಾರದಲ್ಲಿ ಬಂತು. ಅವರನ್ನು ಕಂಪನಿಯ ರೋಲಿಗೆ (ನೇರ ನೌಕರರ ಪಟ್ಟಿಗೆ) ತೆಗೆದುಕೊಳ್ಳಿ ಎಂಬ ನನ್ನ ಬೇಡಿಕೆಗೆ ಮಾಲೀಕರು ಇನ್ನೂ ಪೂರ್ತಿ ಒಪ್ಪಿಲ್ಲ. ಅನುಭವಿಗಳಿಂದ ಆರಂಭಿಸೋಣ ಎಂದಿದ್ದಾರೆ. ಹೆಸರುಗಳ ಪಟ್ಟಿಯನ್ನು ಬರೆದುಕೊಟ್ಟಿದ್ದೇನೆ, ಬೋರ್ಡಿನ ಮೇಲೆ ಈ ಬೇಡಿಕೆಯ ಎದುರಿಗೂ ಒಂದು ದಿನಾಂಕ ಹಾಕಿಸಿದ್ದೇನೆ.